ಅಳಿಸಿದ ಮೇಲೂ ಬೆಳೆಯುತ್ತಿದ್ದ ಫೈಲು

ದೆವ್ವ ಭೂತದ ಮಾತೆತ್ತಿದವರನ್ನು ನಾನು ಎದುರಿಗೇ ಗೇಲಿ ಮಾಡುತ್ತಿದ್ದೆ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಸಣ್ಣಪುಟ್ಟ ಆಫೀಸುಗಳ ಕಂಪ್ಯೂಟರು, ಸರ್ವರುಗಳನ್ನು ರಿಪೇರಿ ಮಾಡುತ್ತ ಸ್ಕೂಟಿಯಲ್ಲಿ ಅಲೆಯುತ್ತಿದ್ದ ದಿನಗಳು ಅವು. ‘ದೃಷ್ಟಿ ತಾಗಿದೆ ಮೇಡಂ’ ಎಂದು ಮಾನಿಟರಿನ ಮೇಲೆ ನಿಂಬೆಹಣ್ಣು ಇಟ್ಟವರನ್ನು ಕಂಡಿದ್ದೇನೆ. ಆ ಹಣ್ಣನ್ನೇ ಹಿಂಡಿಸಿ ಶರಬತ್ತು ಮಾಡಿಸಿಕೊಂಡು ಕುಡಿದಿದ್ದೇನೆ. ಕುಣಿಯಲಾರದವಳಿಗೆ ನೆಲ ಡೊಂಕು ಎಂದು ಅವರ ಮುಖದ ಮೇಲೇ ಅಂದಿದ್ದೇನೆ. ಯಂತ್ರ ಕೆಟ್ಟರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಹುಡುಕಿದರೆ ಸಿಗುತ್ತದೆ. ಈಗಲೂ ಹೆಚ್ಚುಕಡಿಮೆ ಹಾಗೆಯೇ ನಂಬಿದ್ದೇನೆ. ಆದರೆ ಒಂದು ಮಧ್ಯಾಹ್ನದ ಸಂಗತಿ ಮಾತ್ರ ಆ ಲೆಕ್ಕಕ್ಕೆ ಸಿಕ್ಕಿಲ್ಲ. ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ವಿಜಯನಗರದ ಮಾರ್ಕೆಟ್ ಬೀದಿಯ ಹಿಂದಿನ ಅಡ್ಡರಸ್ತೆಯಲ್ಲಿ, ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡುವ ಒಂದು ಪುಟ್ಟ ಸಂಸ್ಥೆ ಇತ್ತು. ಬಿಡುವಿದ್ದವರು ಬಂದು, ಗೋಡೆಗೆಲ್ಲ ಸ್ಪಂಜು ಬಡಿದ, ಕಿಟಕಿಯಿಲ್ಲದ ಗೂಡಿನಂಥ ಕೋಣೆಯಲ್ಲಿ ಮೈಕಿನ ಮುಂದೆ ಕೂತು ಓದುತ್ತಿದ್ದರು. ಪುಟ ತಿರುವಿದಾಗಲೆಲ್ಲ ಪುಟದ ಸಂಖ್ಯೆಯನ್ನು ಗಟ್ಟಿಯಾಗಿ ಹೇಳಬೇಕು, ಕೇಳುವ ಮಕ್ಕಳಿಗೆ ಅದೇ ಗುರುತು. ಮೈಕಿನ ತಂತಿ ಗೋಡೆ ತೂರಿ ಹೊರಗಿನ ಕೋಣೆಯ ಸರ್ವರಿಗೆ ಬರುತ್ತಿತ್ತು. ಸರ್ವರ್ ಎಂದರೆ ದೊಡ್ಡದೇನಲ್ಲ, ಮೇಜಿನ ಕೆಳಗೆ ಕೂತ ದಪ್ಪನೆಯ ಕಂಪ್ಯೂಟರು. ಅವರ ಎಲ್ಲ ಪುಸ್ತಕಗಳೂ ಅದರೊಳಗೇ ಇದ್ದವು.

ಪಿಯುಸಿ ಪರೀಕ್ಷೆ ಹತ್ತಿರವಿದ್ದಾಗ ಅಲ್ಲಿನ ಮ್ಯಾನೇಜರ್ ಶ್ರೀಕಂಠಯ್ಯನವರ ಫೋನು ಬಂತು. “ಮೇಡಂ, ಡಿಸ್ಕ್ ಫುಲ್ ಅಂತ ಬರ್ತಾ ಇದೆ. ಒಂದು ದೊಡ್ಡ ಫೈಲ್ ಡಿಲೀಟ್ ಮಾಡ್ದೆ, ಆದ್ರೂ ಜಾಗ ಬರ್ತಾ ಇಲ್ಲ. ಯಾರ ಕೈಲೂ ರೆಕಾರ್ಡ್ ಮಾಡಕ್ಕಾಗ್ತಿಲ್ಲ, ದಯವಿಟ್ಟು ಬನ್ನಿ” ಎಂದರು. ಊಟ ಮುಗಿಸಿ ಹೋದೆ.

ಬೆಂಚಿನ ಮೇಲೆ ಒಬ್ಬ ಹುಡುಗಿ ಕೂತಿದ್ದಳು. ಹೆಸರು ಶಾಂತವ್ವ, ಗದಗದ ಕಡೆಯವಳು, ಹುಟ್ಟಿನಿಂದಲೇ ಕಣ್ಣಿಲ್ಲ, ಹತ್ತಿರದ ಹಾಸ್ಟೆಲಿನಲ್ಲಿದ್ದು ಎರಡನೇ ಪಿಯುಸಿ ಓದುತ್ತಿದ್ದಳು. ಅವಳ ಭೂಗೋಳದ ಪುಸ್ತಕವನ್ನು ಓದುತ್ತಿದ್ದವರು ವಸಂತಾ ಎಂಬ ನಿವೃತ್ತ ಟೀಚರು. ಪುಸ್ತಕ ಅರ್ಧಕ್ಕೆ ಬಂದಿದ್ದಾಗ ಆಕೆ ಬಸವೇಶ್ವರನಗರದ ತಮ್ಮ ಮನೆಯಲ್ಲಿ ಮಲಗಿದಲ್ಲೇ ತೀರಿಕೊಂಡಿದ್ದರು. ಉಳಿದ ಪಾಠಗಳನ್ನು ಯಾರಾದರೂ ಓದಿಕೊಟ್ಟಾರೆಂದು ಹುಡುಗಿ ದಿನಾ ಬಂದು ಕಾಯುತ್ತಿದ್ದಳು. ನನ್ನ ಹೆಜ್ಜೆ ಕೇಳಿ, “ಓದೂ ಮೇಡಂ ಏನ್ರಿ?” ಎಂದಳು. ಅಲ್ಲಮ್ಮ, ರಿಪೇರಿಯವಳು ಎಂದೆ. “ಲಗೂನ ಮಾಡ್ರಿ. ಫೇಲಾದ್ರ ಹಾಸ್ಟೆಲ್ ಬಿಟ್ಟು ಮನಿಗೆ ಬಾ ಅಂದಾನ್ರಿ ನಮ್ಮಪ್ಪ. ಅಲ್ಲಿಗೆ ಹ್ವಾದ್ರ ಮುಗೀತು, ಮೂಲ್ಯಾಗ ಕುಂದ್ರೂದ” ಎಂದಳು. ನಗುತ್ತಲೇ ಹೇಳಿದಳು, ನನಗೆ ಮಾತ್ರ ನಗು ಬರಲಿಲ್ಲ.

ರೋಗ ಗೊತ್ತಿದ್ದದ್ದೇ. ಡಿಸ್ಕನ್ನು ಕೇಳಿದರೆ ‘ತುಂಬಿದ್ದೇನೆ’ ಎನ್ನುತ್ತದೆ. ಒಳಗಿನ ಫೈಲುಗಳನ್ನು ಕೂಡಿಸಿದರೆ ಅರ್ಧವೂ ಆಗುವುದಿಲ್ಲ. ಫೈಲನ್ನು ಅಳಿಸಿದರೆ ಹೋಗುವುದು ಅದರ ಹೆಸರು ಮಾತ್ರ. ಯಾವುದಾದರೂ ಪ್ರೋಗ್ರಾಂ ಇನ್ನೂ ಅದನ್ನು ಹಿಡಿದುಕೊಂಡಿದ್ದರೆ ಫೈಲು ಜಾಗ ಬಿಡುವುದಿಲ್ಲ. ಬಾಗಿಲಿನ ಬೋರ್ಡು ಕಿತ್ತ ಮಾತ್ರಕ್ಕೆ ಬಾಡಿಗೆಯವರು ಮನೆ ಖಾಲಿ ಮಾಡಿದಂತಾಗುತ್ತದೆಯೇ? ಹುಡುಕಿದೆ, ಸಿಕ್ಕಿತು. ವಸಂತಾ ಮೇಡಂ ಹೆಸರಿನಲ್ಲಿ ರೆಕಾರ್ಡಿಂಗ್ ಪ್ರೋಗ್ರಾಂ ಇನ್ನೂ ನಡೆಯುತ್ತಿತ್ತು. ಕೊನೆಯ ಸಂಜೆ ನಿಲ್ಲಿಸುವುದನ್ನು ಮರೆತು ಎದ್ದು ಹೋಗಿದ್ದರು, ಪಾಪ. ಅಂದಿನಿಂದ ಅದು ಖಾಲಿ ಕೋಣೆಯನ್ನೇ ರೆಕಾರ್ಡ್ ಮಾಡುತ್ತ ಉಬ್ಬಿತ್ತು. ಸತ್ತವರ ಹೆಸರಿನ ಫೈಲು ಬೆಳೆಯುವುದನ್ನು ಕಂಡು ಹೆದರಿ ಶ್ರೀಕಂಠಯ್ಯ ಅಳಿಸಿದ್ದರು.

ಪ್ರೋಗ್ರಾಂ ನಿಲ್ಲಿಸಿದರೆ ಕೆಲಸ ಮುಗಿಯುತ್ತಿತ್ತು. ಆದರೆ ಆ ಫೈಲಿನ ಮೊದಲಿಗೆ ಆಕೆಯ ಕೊನೆಯ ಪಾಠ ಇದ್ದಿರಬಹುದು, ನಿಲ್ಲಿಸಿದರೆ ಅದೂ ಹೋಗುತ್ತದೆ. ಹಾಗಾಗಿ ಮೊದಲು ಅದನ್ನು ನನ್ನ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಲು ಹಚ್ಚಿದೆ. ಸರ್ವರಿನ ಒಂದಿಷ್ಟು ಕಸವನ್ನೂ ಅಳಿಸಿದೆ. ಖಾಲಿಯಾದ ಜಾಗವನ್ನು ಆ ಫೈಲು ಕಣ್ಣೆದುರೇ ನುಂಗತೊಡಗಿತು. ಏನನ್ನು ನುಂಗುತ್ತಿದೆ ನೋಡೋಣವೆಂದು ಈಗ ಬರೆಯುತ್ತಿರುವ ಭಾಗವನ್ನೇ ಹೆಡ್‌ಫೋನಿಗೆ ಹಾಕಿದೆ. ಗುಂಯ್ ಎಂಬ ಸದ್ದು. ನಡುವೆ ಒಮ್ಮೆ ಹಾಳೆ ತಿರುವಿದಂತೆ ಸರಕ್ಕೆಂದಿತು. “ಒಳಗೆ ಮೈಕ್ ಇದೆಯಾ?” ಎಂದು ಶ್ರೀಕಂಠಯ್ಯನವರನ್ನು ಕೇಳಿದೆ. “ಇಲ್ಲ ಮೇಡಂ, ಅವರು ಹೋದ ಮಾರನೇ ದಿನಾನೇ ಬಿಚ್ಚಿ ಪಕ್ಕದ ರೂಮಿಗೆ ಹಾಕಿದೀನಿ. ಬರೀ ತಂತಿ ಇದೆ ಅಷ್ಟೆ” ಎಂದರು.

ಶಾಂತವ್ವನ ಕಿವಿ ನನ್ನದಕ್ಕಿಂತ ಚುರುಕು. ಇದೇನು ಸದ್ದು ಹೇಳು ಎಂದು ಹೆಡ್‌ಫೋನನ್ನು ಅವಳ ತಲೆಗೆ ಹಾಕಿದೆ. ಅವಳ ಮುಖ ಅರಳಿತು. “ವಸಂತಾ ಮೇಡಂ ಓದಾಕತ್ತಾರ್ರೀ” ಎಂದಳು.

ಹಳೆಯದನ್ನು ನೆನಪಿಸಿಕೊಂಡು ಹೇಳುತ್ತಿದ್ದಾಳೆ ಎಂದುಕೊಂಡೆ. ಸ್ವಲ್ಪ ಸಿಟ್ಟೂ ಬಂತು. ಹಾಗಾದರೆ ಕೇಳಿದ್ದನ್ನು ಗಟ್ಟಿಯಾಗಿ ಹೇಳು ನೋಡೋಣ ಎಂದೆ. ಅವಳು ಶುರು ಮಾಡಿದಳು. “ಕಪ್ಪು ಮಣ್ಣು ತೇವಾಂಶವನ್ನು ಹೆಚ್ಚು ಕಾಲ ಹಿಡಿದಿಟ್ಟುಕೊಳ್ಳುತ್ತದೆ. ಬೇಸಿಗೆಯಲ್ಲಿ ಇದು ಆಳವಾಗಿ ಬಿರುಕು ಬಿಡುತ್ತದೆ.” ಮೇಜಿನ ಮೇಲೆ ಅದೇ ಪಠ್ಯಪುಸ್ತಕ ಇತ್ತು. ವಸಂತಾ ಮೇಡಂ ನಿಲ್ಲಿಸಿದ್ದ ಕಡೆ ಶ್ರೀಕಂಠಯ್ಯ ಚೀಟಿ ಇಟ್ಟಿದ್ದರು. ಅದರಾಚೆ ಹಾಳೆ ಮಗುಚುತ್ತಾ ಹೋದೆ, ಮಣ್ಣಿನ ಪಾಠ ಸಿಕ್ಕಿತು. ಆ ಸಾಲುಗಳು ಅಕ್ಷರ ತಪ್ಪದೆ ಅಲ್ಲಿದ್ದವು. ಅವಳು ಹೇಳುತ್ತಾ ಹೋದಳು, ನಾನು ಸಾಲಿನ ಮೇಲೆ ಬೆರಳು ಓಡಿಸುತ್ತಾ ಹೋದೆ. ಪುಟ ಮುಗಿದಲ್ಲಿ ಸರಿಯಾಗಿ ಮುಂದಿನ ಪುಟದ ಸಂಖ್ಯೆ ಹೇಳಿದಳು. ಒಂದು ಕಡೆ, “ನಿಮ್ಮೂರ ಕಡೆ ಎರೆ ಹೊಲ ಅಂತೀರಲ್ಲ ಶಾಂತಾ, ಅದೇ ಕಣೇ ಇದು” ಎಂದಳು. ಆ ಸಾಲು ಎಲ್ಲೂ ಕಾಣಲಿಲ್ಲ, ತಡಬಡಾಯಿಸಿದೆ. “ಅದು ಪುಸ್ತಕದಾಗ ಇರೂದಿಲ್ರಿ. ಮೇಡಂ ನನ್ನ ಸಲುವಾಗಿ ಹೇಳೂದು” ಎಂದು ನಕ್ಕಳು. ಶ್ರೀಕಂಠಯ್ಯ ಎರಡೂ ಕೈ ಮುಗಿದು ಗೋಡೆಗೆ ಒರಗಿ ನಿಂತುಬಿಟ್ಟಿದ್ದರು.

ಆಮೇಲೆ ನಾನು ಮಾಡಿದ್ದು ಯಾವ ರಿಪೇರಿಯವರೂ ಮಾಡುವ ಕೆಲಸವಲ್ಲ. ಆ ಫೈಲಿಗೆ ಜಾಗ ಸಾಲದೆ ಹೋದೀತೆಂದು ಬೇರೆ ಫೈಲುಗಳ ಹಳೆಯ ಪ್ರತಿಗಳನ್ನು ಒಂದೊಂದಾಗಿ ಅಳಿಸುತ್ತಾ ಕೂತೆ. ಪುಸ್ತಕದಲ್ಲಿ ಇನ್ನು ಎರಡೇ ಪಾಠ, ಮುಗಿಯಲಿ, ಅಷ್ಟೇ ನನ್ನ ತಲೆಯಲ್ಲಿದ್ದದ್ದು.

ಆಗ ಕರೆಂಟ್ ಹೋಯಿತು. ಯುಪಿಎಸ್ ಕೀರಲು ಸದ್ದು ಮಾಡತೊಡಗಿತು. “ಮೇಡಂ, ಬ್ಯಾಟರಿ ಹಳೇದು, ಶಟ್‌ಡೌನ್ ಮಾಡ್ಬಿಡಿ, ಮಿಕ್ಕ ಪುಸ್ತಕಗಳೂ ಹಾಳಾಗ್ತವೆ” ಎಂದು ಶ್ರೀಕಂಠಯ್ಯ ಕೂಗಿದರು. ಅವರು ಹೇಳಿದ್ದು ಸರಿಯೇ. ಆದರೂ ನನ್ನ ಕೈ ಏಳಲಿಲ್ಲ. ಶಾಂತವ್ವ ಹೇಳುವುದನ್ನು ಫಕ್ಕನೆ ನಿಲ್ಲಿಸಿ ಎದ್ದು ನಿಂತಳು. “ಇಲ್ಲೇ ಅದೀನ್ರಿ, ನಾ ಇಲ್ಲೇ ಅದೀನಿ” ಎಂದು ಎರಡು ಮೂರು ಸಲ ಒದರಿದಳು. ಕರೆಂಟ್ ಹೋಗಿದ್ದಕ್ಕೆ ಹೆದರಿದಳೇನೋ ಎಂದು ನಾನು ಅವಳ ಬೆನ್ನು ಸವರಿದೆ. ಅಷ್ಟರಲ್ಲಿ ಯುಪಿಎಸ್ ಸತ್ತು ಸರ್ವರ್ ಆರಿಹೋಯಿತು.

ಶ್ರೀಕಂಠಯ್ಯ ಬೆಂಕಿಪೊಟ್ಟಣ, ಮೇಣದಬತ್ತಿ ಹಿಡಿದು ಗೂಡಿನ ಕಡೆ ಓಡಿದರು. ನಾನೂ ಹಿಂದೆ ಹೋದೆ. ಖಾಲಿ ಕುರ್ಚಿ, ನೇತಾಡುವ ತಂತಿ, ಆರಿದ ಬಲ್ಬು. ಸತ್ತವರು ಕೂರುತ್ತಿದ್ದ ಜಾಗದಲ್ಲಿ ಹದಿಮೂರು ದಿನ ದೀಪ ಆರಬಾರದಂತೆ. ಸ್ಪಂಜಿಗೆ ಬೆಂಕಿ ತಗುಲೀತೆಂದು ಎಣ್ಣೆದೀಪ ಹಚ್ಚದೆ, ಆಕೆ ಹೋದಾಗಿನಿಂದ ಆ ಬಲ್ಬನ್ನೇ ಉರಿಸಿಟ್ಟಿದ್ದೆ ಎಂದು ಅವರು ಅಳುತ್ತಾ ಹೇಳಿದರು. ಹದಿಮೂರನೇ ದಿನ ಇನ್ನೂ ಬಂದಿರಲಿಲ್ಲ.

ಕರೆಂಟ್ ಬಂದ ಮೇಲೆ ಸರ್ವರ್ ಚಾಲೂ ಮಾಡಿದೆ. ಡಿಸ್ಕಿನ ಲೆಕ್ಕಕ್ಕೂ ಫೈಲುಗಳ ಲೆಕ್ಕಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಆ ಫೈಲು ಹೋಗಿತ್ತು. ನನ್ನ ಹಾರ್ಡ್ ಡಿಸ್ಕಿಗೆ ಬಂದಿದ್ದಷ್ಟನ್ನು ಆಮೇಲೆ ಮನೆಯಲ್ಲಿ ಕೇಳಿದೆ. ಆಕೆ ಬದುಕಿದ್ದಾಗ ಓದಿದ ಪಾಠ, ಕುರ್ಚಿ ಸರಿದದ್ದು, ಬಾಗಿಲು ಹಾಕಿದ್ದು, ಅಲ್ಲಿಂದಾಚೆಗೆ ಬರೀ ಗುಂಯ್ ಎಂಬ ಸದ್ದು. ಹಾಸ್ಟೆಲಿನಲ್ಲಿ ಯಾರೋ ಮಣ್ಣಿನ ಪಾಠವನ್ನು ಶಾಂತವ್ವನಿಗೆ ಓದಿ ಹೇಳಿರಬಹುದು, ಅವಳಿಗೆ ಬಾಯಿಪಾಠವಾಗಿರಬಹುದು. ಅವಳು ಇಲ್ಲವೆನ್ನುತ್ತಾಳೆ. ಸುಳ್ಳು ಹೇಳಿ ಅವಳಿಗೆ ಆಗಬೇಕಾದ್ದೇನು? ಇದನ್ನು ಯೋಚಿಸಿ ಯೋಚಿಸಿ ನನ್ನ ತಲೆ ಮೊಸರುಗಡಿಗೆಯಾಗಿದೆ.

ಚೀಟಿಯಿಂದಾಚೆಗೆ ಉಳಿದ ಪುಟಗಳನ್ನು ಆ ವಾರ ನಾನೇ ಕೂತು ಓದಿದೆ. ಹುಡುಗಿ ಪಾಸಾದಳು. ಫಲಿತಾಂಶ ಬಂದ ಮೇಲೊಮ್ಮೆ ಹೊಸ ಯುಪಿಎಸ್ ಹಾಕಲು ಹೋದಾಗ ಸಿಕ್ಕಳು. ಸಿಹಿ ಕೊಟ್ಟಳು. ಆಮೇಲೆ ನನ್ನ ಕೈ ಹಿಡಿದು, ಅಂದು ಯಾರಿಗೂ ಹೇಳದಿದ್ದದ್ದನ್ನು ಹೇಳಿದಳು.

“ಕರೆಂಟ್ ಹ್ವಾದ ಕೂಡ್ಲೇ ಮೇಡಂ ಓದೂದು ನಿಲ್ಲಿಸಿದ್ರು. ‘ಶಾಂತಾ, ಇಲ್ಲಿ ಕತ್ತಲಾಯ್ತು ಕಣೇ, ಏನೂ ಕಾಣ್ತಾ ಇಲ್ಲ, ಅಲ್ಲೇ ಇದೀಯಾ?’ ಅಂದ್ರು. ಭಾಳ ಅಂಜಿದ್ರು ರೀ. ನಾ ಇಲ್ಲೇ ಅದೀನಿ ಅಂತ ಒದರಿದೆ, ಅವರಿಗೆ ಕೇಳಿಸಲಿಲ್ಲ. ಮತ್ತ ಮತ್ತ ಕೇಳಿದ್ರು. ಕತ್ತಲಕ್ಕ ಅಂಜಬ್ಯಾಡ್ರಿ, ಅದೇನೂ ಮಾಡೂದಿಲ್ಲ ಅಂತ ನಾ ಹೇಳಬೇಕಿತ್ತು.”

ಕೊನೆಗೆ, “ನಿಮಗ ಎಲ್ಲಾ ರಿಪೇರಿ ಬರ್ತದಲ್ರಿ. ನಾ ಹೇಳಿದ್ದು ಅವರಿಗೆ ಕೇಳಸೂ ಹಂಗ ಮಾಡಾಕ ಬರೂದಿಲ್ಲೇನು?” ಎಂದು ಕೇಳಿದಳು.

ಬರಲ್ಲ ಕಣಮ್ಮ, ಎಂದೆ. ಅವಳು ನನ್ನ ಕೈ ಬಿಡಲಿಲ್ಲ.