ಕ್ಲೆಮ್ ಹಂಚಿದ ಜಾಡಿಗಳು

ನಮ್ಮ ಹಳ್ಳಿಯ ಕಪ್ಪೆಗಳು ಸತ್ತದ್ದು ಯಾರಿಂದ ಎಂದು ಯಾರಾದರೂ ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಕೇಳುವವರು ಕ್ಲೆಮ್ ಗೆಜ್‌ನನ್ನು ಕಂಡವರಲ್ಲ. ನಾನು ಮೂವತ್ತೊಂದು ವರ್ಷ ಅವನ ಪಕ್ಕದ ಮನೆಯಲ್ಲಿದ್ದವಳು.

ಕ್ಲೆಮ್ ನಮ್ಮ ಪೋಸ್ಟ್‌ಮ್ಯಾನ್. ಸೈಕಲ್ಲಿನ ಮೇಲೆ ಕಾಗದ ಹಂಚುತ್ತಿದ್ದ. ಮಾರ್ಚ್ ಬಂತೆಂದರೆ ಕಾಗದದ ಜೊತೆ ಕಪ್ಪೆಮೊಟ್ಟೆಯನ್ನೂ ಹಂಚುತ್ತಿದ್ದ. ತನ್ನ ಹಿತ್ತಿಲ ಕೊಳದಲ್ಲಿ ಮೊಟ್ಟೆಯ ಲೋಳೆ ತೇಲಿದ ಕೂಡಲೇ ಅದನ್ನು ನೀರಿನ ಸಮೇತ ಜಾಮ್ ಜಾಡಿಗಳಿಗೆ ತುಂಬಿ, ಚೀಲದಲ್ಲಿ ಪತ್ರಗಳ ಪಕ್ಕಕ್ಕೆ ಒತ್ತರಿಸಿಟ್ಟು ಹೊರಡುವನು. ಹೊಲಗಳ ಹೊಂಡಗಳನ್ನೆಲ್ಲ ಮುಚ್ಚಿ ಗೋಧಿ ಬಿತ್ತಿದ ಮೇಲೆ ಕಪ್ಪೆಗಳಿಗೆ ನಮ್ಮ ಹಿತ್ತಿಲುಗಳೇ ಗತಿ ಎಂಬುದು ಅವನ ವಾದ. ಅವನ ಕಾಟ ತಾಳಲಾರದೆ ಊರವರೆಲ್ಲ ಹಿತ್ತಿಲಲ್ಲಿ ಕೊಳಕ್ಕೆ ಗುಂಡಿ ತೋಡಿದರು. ಜಾಗವಿಲ್ಲದವರು ಹಳೆಯ ಸ್ನಾನದ ತೊಟ್ಟಿಯನ್ನೇ ಹೂತರು. ಜಾಡಿಯನ್ನು ಬರಿದಾಗಿ ಹಿಂದಿರುಗಿಸುವ ಹಾಗಿರಲಿಲ್ಲ. ಚಳಿ ಬರುವ ಮೊದಲು ತೊಳೆದು ಪ್ಲಮ್ ಜಾಮನ್ನೋ ಈರುಳ್ಳಿ ಉಪ್ಪಿನಕಾಯಿಯನ್ನೋ ತುಂಬಿ ಕೊಡಬೇಕು.

"ಬೆರಿಲ್, ನಿನ್ನ ಉಪ್ಪಿನಕಾಯಿ ತಿಂದ್ರೆ ಕಪ್ಪೇನೂ ಊರು ಬಿಟ್ಟು ಹೋಗುತ್ತೆ ಕಣೇ," ಎನ್ನುತ್ತಿದ್ದ.

"ಹಾಗಾದ್ರೆ ಹೋದ ವರ್ಷ ಜಾಡಿ ನೆಕ್ಕಿಟ್ಟಿದ್ದು ಯಾರಪ್ಪಾ, ನಿನ್ನ ಕಪ್ಪೇನಾ?" ಎನ್ನುತ್ತಿದ್ದೆ ನಾನು.

ಅವನ ದಾರಿಯಲ್ಲಿ ಒಂದೇ ಒಂದು ಮನೆಗೆ ಜಾಡಿ ಹೋಗುತ್ತಿರಲಿಲ್ಲ. ಅದು ಹಳೇ ಗಿರಣಿಯ ಕೊಳದ ಪಕ್ಕದ ಮಿಸೆಸ್ ಥರ್ಲೋ ಮನೆ. ಅವಳ ನಾಯಿ ಅವನ ಮೀನಖಂಡಕ್ಕೆ ಬಾಯಿ ಹಾಕಿತ್ತು. "ಕಾಗದ ಕೊಡೋದು ನನ್ನ ಕೆಲಸ, ಕೊಡ್ತೀನಿ. ಕಪ್ಪೆ ನನ್ನ ಸ್ವಂತದ್ದು," ಎಂದು ಕಡ್ಡಿ ಮುರಿದಂತೆ ಹೇಳಿದ್ದ.

ನಿವೃತ್ತನಾದ ಮೇಲೂ ಹಂಚುವುದು ನಿಲ್ಲಲಿಲ್ಲ. ಆಮೇಲೊಂದು ಆಗಸ್ಟಿನಲ್ಲಿ ಅವನ ಕೊಳದಲ್ಲಿ ಕಪ್ಪೆಗಳು ಸತ್ತು ತೇಲಿದವು. ಕಾಲು ಕೆಂಪಗೆ, ಚರ್ಮವೆಲ್ಲ ಹುಣ್ಣು. ಆಮೇಲೆ ನನ್ನ ಕೊಳದಲ್ಲಿ, ಆಮೇಲೆ ಬೇಕರಿಯವರ ತೊಟ್ಟಿಯಲ್ಲಿ. ಕ್ಲೆಮ್ ಮನೆಮನೆಗೆ ಹೋಗಿ ಅವನ್ನು ಗುದ್ದಲಿಯಿಂದ ಮಣ್ಣು ಮಾಡಿ ಬರುತ್ತಿದ್ದ. ಮೂರು ಬೇಸಿಗೆ ಕಳೆಯುವಷ್ಟರಲ್ಲಿ ಮಾರ್ಚಿನಲ್ಲಿ ಕೇಳುತ್ತಿದ್ದ ಕಪ್ಪೆಗಳ ಗುರುಗುರು ಸದ್ದೇ ಊರಿನಲ್ಲಿ ಇಲ್ಲವಾಯಿತು.

ಇದನ್ನು ಪರೀಕ್ಷಿಸಲು ವಿಶ್ವವಿದ್ಯಾಲಯದಿಂದ ಇಮೊಜೆನ್ ಎಂಬ ಹುಡುಗಿ ಬಂದಳು. ನಿಮ್ಮ ಕೊಳಕ್ಕೆ ಕಪ್ಪೆ ಎಲ್ಲಿಂದ ಬಂತು ಎಂದು ನನ್ನನ್ನು ಕೇಳಿದಳು. "ಇನ್ನೆಲ್ಲಿಂದ, ನಮ್ಮ ಕ್ಲೆಮ್ ಕೊಟ್ಟಿದ್ದು!" ಎಂದೆ ಹೆಮ್ಮೆಯಿಂದ. ಅವಳು ಪೆನ್ನು ಕೆಳಗಿಟ್ಟಳು.

"ಇದು ವೈರಸ್ ಆಂಟಿ. ನೀರಿನ ಜೊತೆ ಹೋಗುತ್ತೆ. ಜನ ಪ್ರೀತಿಯಿಂದ್ಲೇ ಒಂದು ಕೊಳದ್ದು ಇನ್ನೊಂದಕ್ಕೆ ಹಾಕ್ತಾರೆ..."

ನಾನು ಅವಳ ಕೈ ಹಿಡಿದುಕೊಂಡೆ. "ನಿನ್ನ ದಮ್ಮಯ್ಯ, ಅವನಿಗೆ ಮಾತ್ರ ಹೇಳಬೇಡ." ಅವಳು ಒಪ್ಪಿದಳು. ಅವಳು ಹೋದ ಮನೆಯವರೆಲ್ಲ ಅದನ್ನೇ ಬೇಡಿಕೊಂಡರಂತೆ. ಯಾವ ಮಾತಿಗೂ ಒಂದಾಗದ ನಮ್ಮ ಊರು ಆ ಒಂದು ಗುಟ್ಟಿಗೆ ಒಂದಾಯಿತು.

ಆದರೆ ಚರ್ಚಿನ ಸಭಾಂಗಣದಲ್ಲಿ ಊರವರಿಗೆ ವಿಷಯ ತಿಳಿಸುವಾಗ ಅವಳು ಒಂದು ನಕ್ಷೆ ತೂಗುಹಾಕಿದಳು. ರೋಗದ ಕೊಳಕ್ಕೆ ಕೆಂಪು ಚುಕ್ಕೆ, ಚೆನ್ನಾಗಿರುವ ಕೊಳಕ್ಕೆ ಹಸಿರು. ಯಾರ ಹೆಸರೂ ಇರಲಿಲ್ಲ. ಕ್ಲೆಮ್ ಚಹಾದ ಕಪ್ಪು ಹಿಡಿದುಕೊಂಡೇ ಹತ್ತಿರ ಹೋಗಿ, ಕನ್ನಡಕ ಏರಿಸಿ, ಚರ್ಚಿನಿಂದ ಬೇಕರಿಗೆ, ಬೇಕರಿಯಿಂದ ನಮ್ಮ ಬೀದಿಗೆ ಬೆರಳು ಎಳೆದ. "ಇಲ್ಲಿ ಎಡಕ್ಕೆ," ಎಂದು ಗೊಣಗಿದ. ಗಿರಣಿಯ ಹತ್ತಿರ ಬೆರಳು ನಿಂತಿತು. ಆ ದಾರಿಯಲ್ಲಿ ಅದೊಂದೇ ಹಸಿರು.

"ಥರ್ಲೋ ಮನೇಲಿ ಕಪ್ಪೆ ಇದಾವಾ?"

"ಬೇಕಾದಷ್ಟು," ಎಂದಳು ಇಮೊಜೆನ್. ನಾಯಿಯ ಕಥೆ ಪಾಪ ಅವಳಿಗೇನು ಗೊತ್ತು?

ಅವನು ನನ್ನ ಕಡೆ ತಿರುಗಿದ. "ಇದು ನನ್ನ ಟಪಾಲಿನ ದಾರಿ, ಬೆರಿಲ್. ನಾನೇ ಹಂಚಿದೀನಿ."

"ಸುಮ್ನಿರಯ್ಯ, ಏನೇನೋ ಹೇಳಬೇಡ," ಎಂದೆ. ಸುಳ್ಳು ಹೇಳುವುದಕ್ಕೂ ಅಭ್ಯಾಸ ಬೇಕು. ಅವನು ಕಪ್ಪನ್ನು ಮೇಜಿನ ಮೇಲಿಟ್ಟು ಮನೆಗೆ ಹೋದ. ಮರುದಿನ ಅವನ ಕಸದ ಡಬ್ಬಿಯ ಪಕ್ಕದಲ್ಲಿ ಜಾಡಿಗಳ ಸಾಲು ನಿಂತಿತ್ತು.

ಎರಡು ವರ್ಷದ ಮೇಲೆ, ಮಾರ್ಚಿನ ಒಂದು ಬೆಳಿಗ್ಗೆ, ನನ್ನ ಕೊಳದ ಮೂಲೆಯಲ್ಲಿ ಮೊಟ್ಟೆ ಕಂಡಿತು. ಏಪ್ರನ್ ಕೂಡ ಬಿಚ್ಚದೆ ಓಡಿ ಅವನನ್ನು ಕರೆದುಕೊಂಡು ಬಂದೆ. ಅವನು ಗೇಟಿನ ಹೊರಗೇ ನಿಂತುಬಿಟ್ಟ.

"ಬಾರಯ್ಯ ಒಳಗೆ."

"ಬೇಡ. ಬೂಟಿನಲ್ಲಿ ನಮ್ಮ ಹಿತ್ತಿಲ ಕೆಸರಿದೆ. ನೀನೇ ನೋಡಿ ಹೇಳು, ಎಷ್ಟಿದೆ?"

"ಒಂದು ಬೊಗಸೆ."

"ಮೊಟ್ಟೆಯೊಳಗಿನ ಚುಕ್ಕೆಗಳು ಬೆಳ್ಳಗಾಗಿ ಸತ್ತಿವೆಯಾ?"

"ಇಲ್ಲ ಕಣೋ. ಎಲ್ಲಾ ಕಪ್ಪಗೆ, ಚೆನ್ನಾಗಿವೆ."

ಅವನ ಕಣ್ಣಲ್ಲಿ ನೀರು ಇಳಿಯಿತು. ಕೋಟಿನ ಜೇಬಿನಿಂದ ಕೈ ತೆಗೆದು ಒರೆಸಿಕೊಳ್ಳಲೂ ಇಲ್ಲ. ನನಗೂ ಅಳು ತಡೆಯಲಾಗಲಿಲ್ಲ.

"ಬೆರಿಲ್, ಇದನ್ನ ಯಾರು ಕೇಳಿದ್ರೂ ಕೊಡಬೇಡ ಕಣೇ," ಎಂದ. "ಮುಂದೆ ಯಾವತ್ತಾದ್ರೂ ನಾನೇ ಬಂದು ಕೇಳಿದ್ರೂ ಕೊಡಬೇಡ."