ಕಾಲು ಕಾಣದ ಹಾಗೆ ಒಂದು ಫೋಟೋ

ನಮ್ಮ ಫೋಟೋ ಬಳಗದಲ್ಲಿ ಕ್ಯಾಮೆರಾ ಇಲ್ಲದವನು ನಾನೊಬ್ಬನೇ. ಹಾಸನ, ಅರಕಲಗೂಡು, ಚನ್ನರಾಯಪಟ್ಟಣದ ಹವ್ಯಾಸಿಗಳು ಸೇರಿ ಭಾನುವಾರ ಹಳ್ಳಿಗಳಿಗೆ ಹೋಗಿ ಚಿತ್ರ ತೆಗೆಯುತ್ತಾರೆ. ಹಾಸನದಲ್ಲಿ ಪ್ರದರ್ಶನ ಇಟ್ಟು ಮಾರುತ್ತಾರೆ. ಬಂದ ಹಣ ಕಷ್ಟದಲ್ಲಿರುವ ಯಾರಿಗಾದರೂ ಹೋಗುತ್ತದೆ. ನನ್ನ ಕೆಲಸ ಮಿಮಿಕ್ರಿ. ಕ್ಯಾಮೆರಾ ಕಂಡರೆ ನಮ್ಮ ಜನ ವೋಟರ್ ಕಾರ್ಡಿಗೆ ಕೂತಂತೆ ಬಿಗಿದುಕೊಳ್ಳುತ್ತಾರೆ. ಅವರನ್ನು ಸಡಿಲಿಸಲು ನಾನು ಬೇಕು. ಬಳಗದ ಹಿರಿಯರು ಹೊಳೆನರಸೀಪುರದ ನಿವೃತ್ತ ಮೇಷ್ಟ್ರು. 'ಬೆಳಕು ಸಾಲದು ಕಣಯ್ಯ' ಎನ್ನುವ ಅವರ ಮೂಗಿನ ದನಿಯನ್ನು ಅವರಿಗಿಂತ ನಾನೇ ಚೆನ್ನಾಗಿ ತೆಗೆಯುತ್ತೇನೆ. ನಿನ್ನ ಸ್ವಂತ ದನಿ ಯಾವುದೋ ಎಂದು ಅಮ್ಮ ಕೇಳಿದರೆ ಅದಕ್ಕೂ ಮೇಷ್ಟ್ರ ದನಿಯಲ್ಲೇ ಉತ್ತರ ಕೊಡುತ್ತೇನೆ.

ಆ ಸಲ ನುಗ್ಗೇಹಳ್ಳಿ ಕಡೆ ಹೋಗಿದ್ದೆವು. ಮರ ಹತ್ತಿ ತೆಂಗಿನಕಾಯಿ ಕೀಳುತ್ತಿದ್ದ ಅಣ್ಣನೊಬ್ಬರು ಬಿದ್ದು, ಬಲಗಾಲನ್ನು ಮಂಡಿಯ ಕೆಳಗೆ ತೆಗೆಸಬೇಕಾಗಿ ಬಂದಿತ್ತು. ಅವರಿಗೊಂದು ಕೃತಕ ಕಾಲು ಕೊಡಿಸಬೇಕು. ಅದಕ್ಕಾಗಿ ಪ್ರದರ್ಶನದ ಬಾಗಿಲಲ್ಲೇ ಅವರ ದೊಡ್ಡ ಫೋಟೋ ಇಡಬೇಕು.

ನಾವು ಹೋಗುವಷ್ಟರಲ್ಲಿ ಅಣ್ಣ ಮದುವೆ ಗಂಡಿನಂತೆ ಕೂತಿದ್ದರು. ಇಸ್ತ್ರಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ಪಕ್ಕದ ಮನೆಯಿಂದ ಕೇಳಿ ತಂದ ಚಿನ್ನದ ಸರ. ತೊಡೆಯಿಂದ ನೆಲದವರೆಗೆ ಶಾಲು. ನಮ್ಮ ಕಡೆ ಫೋಟೋ ಅಂದರೆ ಹಾಗೇ. ಸಹಾಯ ಕೇಳುವ ಫೋಟೋ ಆದರೇನು?

"ಈ ಸರ ನೋಡಿದೋರು ಇವರ ಹತ್ರಾನೇ ಕೈಸಾಲ ಕೇಳ್ತಾರಯ್ಯ" ಎಂದು ಮೇಷ್ಟ್ರು ನನ್ನ ಕಿವಿಯಲ್ಲಿ ಅಂದರು. ಆಮೇಲೆ ಮೆಲ್ಲಗೆ, "ಶಾಲು ಸ್ವಲ್ಪ ಸರಿಸೋಣವಾ?"

"ಕಾಲು ಬ್ಯಾಡ ಸಾ. ಮೊಕ ತಕ್ಕಳಿ. ಕಾಲ್ ತೋರ್ಸಿ ಬೇಡೋದಾದ್ರೆ ನಂಗೆ ಕಾಲೇ ಬ್ಯಾಡ" ಎಂದರು ಅಣ್ಣ.

ಅವರ ಹೆಂಡತಿ ಗೋಡೆಯ ಕಡೆ ತಿರುಗಿಕೊಂಡರು. ಮೇಷ್ಟ್ರು ಮುಖಕ್ಕಷ್ಟೇ ಕ್ಯಾಮೆರಾ ಹಿಡಿದರು. ಅಣ್ಣನ ಮುಖ ಕಲ್ಲಾಗಿತ್ತು. ನಗಿಸು ಎಂಬಂತೆ ಮೇಷ್ಟ್ರು ನನ್ನ ಕಡೆ ನೋಡಿದರು.

ಮರದ ಕೆಳಗೆ ನಿಂತು ಅಪ್ಪಣೆ ಕೊಡಿಸುವ ಕಾಯಿ ವ್ಯಾಪಾರಿ ಪ್ರತಿ ಊರಲ್ಲೂ ಒಬ್ಬನಿರುತ್ತಾನೆ. ನಾನು ಹೊಟ್ಟೆ ಮುಂದೆ ಮಾಡಿ, ಬಾಯಲ್ಲಿ ಎಲೆಯಡಿಕೆ ಇದ್ದಂತೆ ಕತ್ತು ಎತ್ತಿದೆ. "ಲೇ, ಆ ಗೊನೆಯಲ್ಲ ಕಣ್ಲಾ! ಆಚೇದು! ಮರದ್ ಮ್ಯಾಲೆ ನಿದ್ದೆ ಬಂತೇನ್ಲಾ?"

ಅಣ್ಣ ಕೂತಲ್ಲಿಂದಲೇ ಮರದ ತುದಿಯಲ್ಲಿರುವವರ ಹಾಗೆ ಕೆಳಗೆ ಬಗ್ಗಿದರು. "ನೀವೇ ಮರ ಅತ್ತಿ ಬನ್ನಿ ಯಜಮಾನ್ರೆ! ಆ ಡೊಳ್ಳೊಟ್ಟೇನ ಮೊದ್ಲು ಅತ್ತುಸ್ಬುಡಿ, ಅದ್ರಿಂದೆ ನೀವು ಬನ್ನಿ!"

ಹೇಳಿ ಅವರೇ ತೊಡೆ ತಟ್ಟಿಕೊಂಡು ನಕ್ಕರು. ಶಾಲು ಜಾರಿತು. ಕ್ಲಿಕ್.

ಮೇಷ್ಟ್ರು ಕ್ಯಾಮೆರಾ ತಿರುಗಿಸಿ ಅವರಿಗೇ ತೋರಿಸಿದರು. "ಕಾಲೂ ಬಂದಿದೆ. ಬೇಡ ಅಂದ್ರೆ ಈಗಲೇ ಅಳಿಸ್ತೀನಿ."

"ಅಳ್ಸುಬುಡಿ ಸಾ" ಎಂದರು ಹೆಂಡತಿ. "ಇಂಗೆ ನಗ್ತಾ ಕೂತಿದ್ರೆ ಯಾರ್ ಕೊಟ್ಟಾರು?"

ಅಣ್ಣ ಕ್ಯಾಮೆರಾವನ್ನು ಹತ್ತಿರ ಎಳೆದುಕೊಂಡು ನೋಡಿದರು. "ಇರ್ಲಿ ಬುಡಮ್ಮಿ. ಇದ್ರಲ್ಲಿ ನಾನು ಬೇಡ್ತಾ ಇಲ್ವಲ್ಲ."

ಹಾಸನದಲ್ಲಿ ಜನ ಆ ಫೋಟೋ ನೋಡಿ ಮೊದಲು ನಕ್ಕರು. ಆಮೇಲೆ ಕಾಲು ನೋಡಿದರು. ಮತ್ತೆ ಮುಖ ನೋಡಿದರು.

ಕೃತಕ ಕಾಲು ಹಾಕಿದ ಮೇಲೆ ಒಂದು ಬೆಳಿಗ್ಗೆ ಹೋದೆವು. ಕ್ಯಾಮೆರಾಗಳನ್ನು ಯಾರೂ ಚೀಲದಿಂದ ತೆಗೆಯಲಿಲ್ಲ. ಅಣ್ಣ ನನ್ನ ಹೆಗಲು ಹಿಡಿದು ಜಗಲಿಯಿಂದ ಅಂಗಳಕ್ಕಿಳಿದರು.

"ಲೇ, ಈಗ ಮಾತ್ರ ಯಾರಂಗೂ ಮಾತಾಡ್ಬ್ಯಾಡ ಕಣ್ಲಾ. ನಗು ಬಂದ್ರೆ ಬಿದ್ದೋಯ್ತೀನಿ."

ಅಂಗಳ ದಾಟುವವರೆಗೂ ನಾನು ಬಾಯಿ ಬಿಡಲಿಲ್ಲ.