ಅಸ್ಥಿ ಬಿಡಲು ಹೋದ ನದಿ

"ಅತ್ತಿಗೆ, ಇಲ್ಲೊಂಚೂರು ನೀರಿದೆ, ಇಲ್ಲೇ ಬಿಟ್ಬಿಡೋಣ" ಎನ್ನುತ್ತಾ ಮೈದುನ ನನ್ನ ಗಂಡನ ಅಸ್ಥಿಯಿದ್ದ ಕುಡಿಕೆಯ ಬಟ್ಟೆ ಬಿಚ್ಚಿದ. ನೈರೋಬಿಯಾಚೆಯ ಈ ನದಿಯಲ್ಲಿ ಹೋದ ಮಳೆಗಾಲದಲ್ಲಿ ಅವರು ಮಗುವಿನಂತೆ ನೀರಾಡಿದ್ದರು. ಈಗ ಬರೀ ಮರಳು, ನಡುವೆ ಒಂದು ಗುಂಡಿ.

ಕ್ಯಾನ್ ಹಿಡಿದ ಹೆಂಗಸೊಬ್ಬಳು ಕೂಗುತ್ತಾ ಓಡಿಬಂದು ಗುಂಡಿಗೆ ಅಡ್ಡ ನಿಂತಳು. ಅದು ಅವಳು ಕುಡಿಯಲೆಂದು ತೋಡಿಕೊಂಡ ನೀರು. ಕುಡಿಕೆಯೊಳಗಿನ ಬೂದಿ ಕಂಡಿದ್ದೇ ಅವಳ ದನಿ ಇಳಿಯಿತು. "ಪೋಲೆ, ಮಾಮಾ" ಎಂದು ಸ್ವಾಹಿಲಿಯಲ್ಲಿ, 'ಹೀಗಾಗಬಾರದಿತ್ತಮ್ಮಾ' ಎನ್ನುವಂತೆ, ನನ್ನ ಕೈ ಹಿಡಿದು ಸಮಾಧಾನ ಹೇಳಿದಳು. ಗುಂಡಿ ಬಿಟ್ಟು ಮಾತ್ರ ಕದಲಲಿಲ್ಲ.

ಅಸ್ಥಿಯನ್ನು ಮನೆಯೊಳಗೆ ತರಬಾರದೆಂದು ಕುಡಿಕೆಯನ್ನು ಬಾಲ್ಕನಿಯಲ್ಲಿ ತೂಗುಹಾಕಿದ್ದೇನೆ. ಮಳೆ ಬಂದರೆ ಅವರನ್ನು ಕಳಿಸಿಕೊಡಬೇಕು. ಮೋಡ ಕಂಡಾಗಲೆಲ್ಲ, ಇವತ್ತೊಂದು ದಿನ ಬಾರದಿರಲಿ ಎನ್ನಿಸುತ್ತದೆ. ಮರುಕ್ಷಣವೇ ಆ ಹೆಂಗಸಿನ ಖಾಲಿ ಕ್ಯಾನ್ ಕಣ್ಣೆದುರು ಬರುತ್ತದೆ.